ಪಾಸ್ಕಲನ ದರ್ಶನದಲ್ಲಿ ಬುದ್ಧಿಯ ಮೇರೆ

ದೇವರಲ್ಲಿ ಶ್ರದ್ಧೆಯಿಲ್ಲದ ಮಾನವಬುದ್ಧಿ ಎಷ್ಟು ದೂರ ನಡೆಯಬಲ್ಲುದು, ಎಲ್ಲಿ ನಿಲ್ಲಬೇಕಾಗುವುದು ಎಂಬ ಪ್ರಶ್ನೆಯನ್ನು ತೀವ್ರವಾಗಿ ವಿಚಾರಿಸಿದ ಪಾಶ್ಚಾತ್ಯ ಚಿಂತಕರಲ್ಲಿ ಫ್ರಾನ್ಸಿನ ಗಣಿತಜ್ಞನೂ ಭೌತವಿಜ್ಞಾನಿಯೂ ಧರ್ಮಚಿಂತಕನೂ ಆದ ಬ್ಲೇಸ್ ಪಾಸ್ಕಲ್ (1623-1662) ಅಗ್ರಗಣ್ಯ. ಬುದ್ಧಿಯನ್ನು ಹಳಿದ ಧಾರ್ಮಿಕರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಬುದ್ಧಿಯ ಹಾದಿಯಲ್ಲಿಯೇ ಅದರ ಎಲ್ಲೆಯವರೆಗೆ ಹೋಗಿ, ಅಲ್ಲಿ ನಿಂತು ಅದರ ಅಧಿಕಾರವೆಷ್ಟೆಂಬುದನ್ನು ನಿರ್ಣಯಿಸಿದುದು ಪಾಸ್ಕಲನ ವೈಶಿಷ್ಟ್ಯ.

ಜೀವನ: ಪಾಸ್ಕಲ್ 1623ರ ಜೂನ್ 19ರಂದು ಓವೆರ್ನ್ ಪ್ರಾಂತದ ಕ್ಲೆರ್ಮಾನ್ ನಗರದಲ್ಲಿ ಜನಿಸಿದನು. ಶೈಶವದಲ್ಲಿಯೇ ತಾಯಿಯನ್ನು ಕಳೆದುಕೊಂಡ ಈತನಿಗೆ, ಸ್ವತಃ ಗಣಿತಜ್ಞನಾಗಿದ್ದ ತಂದೆ ಎತಿಯೆನ್ ಪಾಸ್ಕಲನೇ ವಿದ್ಯಾಗುರುವಾದನು. ಶಂಕುಜಗಳನ್ನು ಕುರಿತ ಈತನ ಪ್ರಬಂಧ 1640ರಲ್ಲಿ ಮುದ್ರಿತವಾಯಿತು. ಕಂದಾಯದ ಅಧಿಕಾರಿಯಾಗಿ ರೂಆನ್ ನಗರದಲ್ಲಿ ಲೆಕ್ಕಗಳ ರಾಶಿಯಲ್ಲಿ ಮುಳುಗಿದ್ದ ತಂದೆಯ ಶ್ರಮವನ್ನು ಹಗುರಗೊಳಿಸಲೆಂದು 1642ರಲ್ಲಿ ಹಲ್ಲುಚಕ್ರಗಳ ಗಣನಯಂತ್ರವೊಂದನ್ನು ರಚಿಸತೊಡಗಿದನು. ಜೂಜಾಟ ನಡುವೆ ನಿಂತರೆ ಪಣವನ್ನು ಆಟಗಾರರಿಗೆ ಹೇಗೆ ಹಂಚಬೇಕೆಂಬ ಸಮಸ್ಯೆಯನ್ನು ಕುರಿತು 1654ರಲ್ಲಿ ಗಣಿತಜ್ಞ ಫೆರ್ಮಾನೊಡನೆ ನಡೆಸಿದ ಪತ್ರವ್ಯವಹಾರದಿಂದ ಸಂಭವನೀಯತೆಯ ಗಣಿತಕ್ಕೆ ಅಸ್ತಿಭಾರ ಬಿದ್ದಿತು.

ಪ್ರಯೋಗವೆಂಬ ಪ್ರಮಾಣ: ನಿಸರ್ಗವು ಶೂನ್ಯವನ್ನು ಸಹಿಸದೆಂಬುದು ಅರಿಸ್ಟಾಟಲನ ಅನುಯಾಯಿಗಳು ಪರಂಪರೆಯಿಂದ ಒಪ್ಪಿಕೊಂಡು ಬಂದಿದ್ದ ಮತ. ಮೇಲ್ತುದಿ ಮುಚ್ಚಿದ ಕೊಳವೆಯೊಳಗಿನ ಪಾದರಸವನ್ನು ಎತ್ತಿ ಹಿಡಿದಿರುವುದು ನಿಸರ್ಗದ ಈ ಅಸಹನೆಯಲ್ಲ, ಹೊರಗಿನ ವಾಯುವಿನ ಭಾರವೇ ಆಗಿದ್ದ ಪಕ್ಷದಲ್ಲಿ ಬೆಟ್ಟದ ಮೇಲೆ ಅದರ ಮಟ್ಟ ಇಳಿಯಲೇಬೇಕೆಂದು ತರ್ಕಿಸಿದ ಪಾಸ್ಕಲ್, ಪರೀಕ್ಷೆಯನ್ನು ತನ್ನ ಭಾವ ಫ್ಲೋರಿನ್ ಪೆರಿಯೆಗೆ ವಹಿಸಿದನು. 1648ರ ಸೆಪ್ಟೆಂಬರ್ 19ರಂದು ಪೆರಿಯೆ, ಕ್ಲೆರ್ಮಾನಿನ ಮಠವೊಂದರ ತೋಟದಲ್ಲಿ ಒಂದು ಕೊಳವೆಯನ್ನು ನಿಲ್ಲಿಸಿ, ದಿನವಿಡೀ ಅದನ್ನು ಗಮನಿಸುತ್ತಿರಲು ಸಂನ್ಯಾಸಿಯೊಬ್ಬನನ್ನು ನೇಮಿಸಿ, ಇನ್ನೊಂದನ್ನು ಪ್ವಿ ದ ದೋಮ್ ಪರ್ವತದ ನೆತ್ತಿಗೆ ಒಯ್ದನು. ತೋಟದಲ್ಲಿ 26 ಅಂಗುಲಕ್ಕೂ ಮೀರಿದ್ದ ಪಾದರಸ ನೆತ್ತಿಯಲ್ಲಿ ಸುಮಾರು 23 ಅಂಗುಲಕ್ಕೆ ಇಳಿದಿತ್ತು. ಮರೆಯಲ್ಲಿಯೂ ಬಯಲಿನಲ್ಲಿಯೂ ಮತ್ತೆ ಮತ್ತೆ ಅಳೆದಾಗಲೂ ಫಲ ಒಂದೇ ಆಗಿದ್ದಿತು; ಕೆಳಗಿನ ಕೊಳವೆಯಲ್ಲಾದರೋ ದಿನವೆಲ್ಲ ವ್ಯತ್ಯಾಸವೇ ಕಾಣಲಿಲ್ಲ. ಭೌತವಿಷಯದಲ್ಲಿ ಇಂದ್ರಿಯಾನುಭವ ಮತ್ತು ಯುಕ್ತಿಗಳೇ ಪ್ರಮಾಣವೆಂದೂ, ಅಲ್ಲಿ ಪ್ರಾಚೀನರ ಆಪ್ತವಾಕ್ಯ ಸಲ್ಲದೆಂದೂ, ದೈವವಿಷಯದಲ್ಲಿ ಮಾತ್ರ ಶ್ರುತಿಗೆ ಪ್ರಾಮಾಣ್ಯವುಂಟೆಂದೂ ಪಾಸ್ಕಲ್ ಪ್ರತಿಪಾದಿಸಿದನು.

ಬುದ್ಧಿಯ ಮೇರೆ: ಪಾಸ್ಕಲನ ಪ್ರಕಾರ ಮಾನವನ ಶಾಸ್ತ್ರಗಳಲ್ಲೆಲ್ಲ ರೇಖಾಗಣಿತವೇ ಅತ್ಯಂತ ನಿಶ್ಚಿತವಾದುದು. ಆದರೆ ಆ ಶಾಸ್ತ್ರವೂ ತನ್ನ ಎಲ್ಲ ಪದಗಳಿಗೆ ಲಕ್ಷಣ ಹೇಳಲಾರದು, ಎಲ್ಲ ವಾಕ್ಯಗಳನ್ನು ಸಾಧಿಸಲಾರದು. ಒಂದು ಪದದ ಲಕ್ಷಣಕ್ಕೆ ಬೇರೆ ಪದಗಳು ಬೇಕು, ಅವುಗಳ ಲಕ್ಷಣಕ್ಕೆ ಮತ್ತೂ ಬೇರೆಯವು ಬೇಕು. ಹೀಗೆ ಒದಗುವ ಅನವಸ್ಥೆಯನ್ನು ತಪ್ಪಿಸಬೇಕಾದರೆ ದೇಶ, ಕಾಲ, ಚಲನೆ, ಸಂಖ್ಯೆ ಮೊದಲಾದ ಮೂಲಭಾವನೆಗಳನ್ನು ಸಾಧನೆಯಿಲ್ಲದೆಯೇ ಅಂಗೀಕರಿಸಬೇಕು. ಇವು ತರ್ಕದಿಂದ ದೊರೆತವಲ್ಲ. ಪಾಸ್ಕಲ್ ಹೃದಯವೆಂದು ಹೆಸರಿಸಿದ ಸಾಕ್ಷಾತ್ ಪ್ರತೀತಿಯಿಂದ ದೊರೆತವು. ತಾನು ಸಾಧಿಸದ ತತ್ತ್ವಗಳ ಮೇಲೆಯೇ ಬುದ್ಧಿ ತನ್ನ ಸಕಲ ಸೌಧವನ್ನೂ ಕಟ್ಟಿರುವಾಗ, ಸಾಧನೆಯಿಲ್ಲವೆಂಬ ಕಾರಣದಿಂದ ಶ್ರದ್ಧೆಯನ್ನು ತಿರಸ್ಕರಿಸಲು ಅದಕ್ಕೆ ಅಧಿಕಾರವಿಲ್ಲ ಎಂಬುದು ಈತನ ವಾದದ ತಿರುಳು. ಇದಕ್ಕೆ ಪೂರಕವಾಗಿ ಆತ ಎರಡು ಅನಂತಗಳ ವಿಚಾರವನ್ನು ಮುಂದಿಡುತ್ತಾನೆ: ನಕ್ಷತ್ರಲೋಕಗಳಾಚೆ ಹಬ್ಬಿದ ಮಹತ್ತಿಗೂ, ಕ್ಷುದ್ರಕೀಟದ ರಕ್ತದ ಹನಿಯೊಳಗೂ ಮುಗಿಯದ ಅಣುತ್ವಕ್ಕೂ ನಡುವೆ ನಿಂತ ಮನುಷ್ಯನಿಗೆ ಆದಿಯೂ ಅಂತ್ಯವೂ ಗೋಚರಿಸವು, ಅಂಶವನ್ನರಿಯಲು ಪೂರ್ಣದ ಅರಿವು ಬೇಕು, ಪೂರ್ಣವನ್ನರಿಯಲು ಅಂಶಗಳ ಅರಿವು ಬೇಕು.

ನೀತಿವಿವೇಕದ ವಿಷಯದಲ್ಲಿಯೂ ಈತನ ನಿರ್ಣಯ ಇದೇ. ಪೋರ್ ರಾಯಲ್ ಮಠದ ಸಾಸಿ ಎಂಬ ಗುರುವಿನೊಡನೆ ನಡೆದ ಸಂವಾದದಲ್ಲಿ ಪಾಸ್ಕಲ್ ಇಬ್ಬರು ತತ್ತ್ವಜ್ಞರನ್ನು ಎದುರುಬದುರಾಗಿ ನಿಲ್ಲಿಸುತ್ತಾನೆ. ಎಪಿಕ್ಟೀಟಸ್ ಮನುಷ್ಯನ ಕರ್ತವ್ಯವನ್ನು ಕಂಡನು, ದೌರ್ಬಲ್ಯವನ್ನು ಕಾಣದೆ ಗರ್ವಕ್ಕೆಡೆಗೊಟ್ಟನು. ಮಾಂಟೇನ್ ದೌರ್ಬಲ್ಯವನ್ನು ಕಂಡನು, ಕರ್ತವ್ಯವನ್ನು ಕಾಣದೆ ಜಾಡ್ಯಕ್ಕೆಡೆಗೊಟ್ಟನು. ಒಬ್ಬೊಬ್ಬನದೂ ಅರ್ಧಸತ್ಯ, ಅವೆರಡನ್ನೂ ಸಮನ್ವಯಗೊಳಿಸುವ ಶಕ್ತಿ ಮಾನವವಿವೇಕಕ್ಕಿಲ್ಲ, ಭಗವದನುಗ್ರಹಕ್ಕುಂಟು.

ಶ್ರದ್ಧೆ ಮತ್ತು ಪ್ರೇಮ: 1654ರ ನವೆಂಬರ್ 23ರ ರಾತ್ರಿ ಸುಮಾರು ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಪಾಸ್ಕಲನಿಗೆ ಗಾಢವಾದ ದೈವಾನುಭವವಾಯಿತು. ಅದನ್ನು ಬರೆದಿಟ್ಟ ಪತ್ರವನ್ನು ಆತ ತನ್ನ ಅಂಗಿಯ ಒಳಪದರದಲ್ಲಿ ಹೊಲಿದುಕೊಂಡಿದ್ದನು. ಮರಣಾನಂತರವೇ ಅದು ಸೇವಕನೊಬ್ಬನ ಕೈಗೆ ಸಿಕ್ಕಿತು. ದೇಹ, ಬುದ್ಧಿ, ಪ್ರೇಮ ಎಂಬ ಮೂರು ಶ್ರೇಣಿಗಳನ್ನು ಪಾಸ್ಕಲ್ ಎಣಿಸುತ್ತಾನೆ: ದೇಹಗಳೆಲ್ಲ ಕೂಡಿದರೂ ಒಂದು ವಿಚಾರಕ್ಕೆ ಸಮವಾಗವು, ವಿಚಾರಗಳೆಲ್ಲ ಕೂಡಿದರೂ ಪ್ರೇಮದ ಒಂದು ಕಣಕ್ಕೆ ಸಮವಾಗವು. ಈ ಮಾತು ಆತನ ಆಚರಣೆಯಲ್ಲಿಯೂ ಸಂದಿತು. 1662ರಲ್ಲಿ, ತಾನು ಮನೆಯಲ್ಲಿ ಆಶ್ರಯವಿತ್ತಿದ್ದ ಬಡ ಕುಟುಂಬದ ಮಗುವಿಗೆ ಸಿಡುಬು ತಗುಲಿದಾಗ, ರೋಗಿಷ್ಠನಾಗಿದ್ದ ಪಾಸ್ಕಲ್ ಮಗುವನ್ನು ಕದಲಿಸಗೊಡದೆ ತಾನೇ ಮನೆ ಬಿಟ್ಟು ಅಕ್ಕನ ಮನೆಗೆ ಹೋದನು. ಅಲ್ಲಿಯೇ ಆಗಸ್ಟ್ 19ರಂದು ತನ್ನ 39ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಗ್ರಂಥ ಮತ್ತು ವಿಮರ್ಶೆ: ಕ್ರೈಸ್ತಧರ್ಮದ ಸಮರ್ಥನೆಗಾಗಿ ಬರೆದಿಟ್ಟಿದ್ದ ಬಿಡಿ ಟಿಪ್ಪಣಿಗಳು 1670ರಲ್ಲಿ ‘ಪಾನ್ಸೇ’ ಎಂಬ ಹೆಸರಿನಿಂದ ಪ್ರಕಟವಾದುವು. ದೇವರು ಇರುವನೋ ಇಲ್ಲವೋ ಎಂಬುದನ್ನು ಬುದ್ಧಿ ನಿರ್ಣಯಿಸಲಾರದಿರುವಾಗ, ಇರುವನೆಂದು ಬಾಳುವುದರಲ್ಲಿ ಲಾಭ ಅನಂತ, ನಷ್ಟ ಪರಿಮಿತ ಎಂಬ ಪ್ರಸಿದ್ಧವಾದ ಪಣದ ವಾದ ಇದರಲ್ಲಿದೆ. ಮನುಷ್ಯನನ್ನು ಪಾಸ್ಕಲ್ ಅತಿಯಾಗಿ ದೀನನನ್ನಾಗಿ ಚಿತ್ರಿಸಿದನೆಂದು ಫ್ರೆಂಚ್ ಲೇಖಕ ವಾಲ್ಟೇರ್ 1734ರಲ್ಲಿ ಆಕ್ಷೇಪಿಸಿದನು. ಇದೇ ಪಣವನ್ನು ಇಮಾಮನೊಬ್ಬನೂ ತನ್ನ ಮತದ ಪರವಾಗಿ ಒಡ್ಡಬಹುದೆಂದು ಫ್ರೆಂಚ್ ಚಿಂತಕ ದಿದರೋ ತೋರಿಸಿದನು. ಈ ಎರಡನೆಯ ಆಕ್ಷೇಪಕ್ಕೆ ಪಣದ ವಾದದೊಳಗೆ ಉತ್ತರವಿಲ್ಲವೆಂದು ಒಪ್ಪಬೇಕು. ಆದರೆ ಪಾಸ್ಕಲನ ಮಹತ್ತ್ವ ನಿಂತಿರುವುದು ಪಣದ ಮೇಲಲ್ಲ, ಪ್ರಮಾಣಗಳ ವಿವೇಚನೆಯ ಮೇಲೆ. ಬುದ್ಧಿಯನ್ನು ಹೊರಗಿಡುವುದೂ ಬುದ್ಧಿಯೊಂದನ್ನೇ ಒಳಗೊಳ್ಳುವುದೂ ಸಮಾನವಾದ ಅತಿರೇಕಗಳೆಂದ ಆತನ ತೀರ್ಪು, ವಿಜ್ಞಾನ ಬೆಳೆದಷ್ಟೂ ಹೆಚ್ಚು ಅಗತ್ಯವಾಗುವ ತೀರ್ಪು. ಜ್ಞಾನಕ್ಕೆ ವಿನಯವನ್ನೂ ಶ್ರದ್ಧೆಗೆ ವಿಚಾರವನ್ನೂ ಬಯಸುವವರಿಗೆ ಆತನ ಗ್ರಂಥ ಇಂದಿಗೂ ಅವಶ್ಯಪಠನೀಯ.