ವೈಟ್‌ಫೀಲ್ಡ್ ರೈಲು ನಿಲ್ದಾಣ
ಬೆಂಗಳೂರಿನ ಪೂರ್ವಕ್ಕೆ, ಕಾಡುಗೋಡಿಯಲ್ಲಿರುವ ನೈರುತ್ಯ ರೈಲ್ವೆಯ ನಿಲ್ದಾಣ. 1864ರಲ್ಲಿ ಮದ್ರಾಸ್ ರೈಲ್ವೆ ತೆರೆದ ಬೆಂಗಳೂರು ಕಂಟೋನ್ಮೆಂಟ್–ಜೋಲಾರಪೇಟೆ ಬ್ರಾಡ್‌ಗೇಜ್ ಮಾರ್ಗದ ಮೇಲಿದೆ. ಹೆಸರು ತಂದುಕೊಟ್ಟ ಆಂಗ್ಲೋ–ಇಂಡಿಯನ್ ವಸಾಹತು ಹುಟ್ಟಿದ್ದು 1882ರಲ್ಲಿ, ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ. ಅದು ನಿಲ್ದಾಣದಿಂದ ತುಸು ದೂರವೇ. ನಿಲ್ದಾಣದ ಹತ್ತಿರವೇ ಇರುವುದು ಸತ್ಯಸಾಯಿ ಬಾಬಾರ ಬೃಂದಾವನ ಆಶ್ರಮ.

ಬೆಳಗಿನ ಮೆಮು ರೈಲುಗಳು ಬಂಗಾರಪೇಟೆ, ಮಾಲೂರು, ಕೆಜಿಎಫ್ ಕಡೆಯ ನೌಕರರನ್ನು ಇಲ್ಲಿ ಇಳಿಸುತ್ತವೆ. ಪಾದಚಾರಿ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಆಗ ಊಟದ ಡಬ್ಬಿ, ಲ್ಯಾಪ್‌ಟಾಪ್ ಚೀಲಗಳದ್ದೇ ನೂಕುನುಗ್ಗಲು. ಸಮೀಪದಲ್ಲೇ ಸರಕು ಟರ್ಮಿನಲ್ ಮತ್ತು ಒಳನಾಡು ಕಂಟೈನರ್ ಡಿಪೊ ಇವೆ. 2023ರ ಮಾರ್ಚ್‌ನಲ್ಲಿ ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೊ ಶುರುವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಾರ್ಗ ಚಲ್ಲಘಟ್ಟದವರೆಗೆ ಪೂರ್ಣಗೊಂಡಿತು.