ಗಡಿಯಾರ ಕೈಕೊಟ್ಟ ಉಪಗ್ರಹ

ಹಿಂಜೆವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ಕ್ಯಾಬ್‌ಗೆ ಕಾಯ್ತಾ ಫೋನಿನ ನೀಲಿ ಚುಕ್ಕಿ ನೋಡ್ತಾ ನಿಂತಿರ್ತೀವಿ. ಉಪಗ್ರಹ ಮೇಲಿಂದ ನಮ್ಮನ್ನ ನೋಡಿ ಜಾಗ ಹೇಳುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಇಲ್ಲ, ಅದಕ್ಕೆ ನಾವು ಇರೋದೇ ಗೊತ್ತಿಲ್ಲ. ಅದು ಸಾರೋದು ಮುಖ್ಯವಾಗಿ ಎರಡೇ ವಿಷಯ: ನಾನು ಇಲ್ಲಿದ್ದೀನಿ, ಈಗ ಸಮಯ ಇಷ್ಟು. ಆ ಸಂಕೇತ ತಲುಪೋಕೆ ಹಿಡಿದ ಸಮಯವನ್ನ ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತೆ.

ಲೆಕ್ಕದ ಪ್ರಕಾರ ಮೂರು ಉಪಗ್ರಹ ಸಾಕು. ಆದರೆ ಫೋನಿನಲ್ಲಿರೋದು ಅಗ್ಗದ ಸ್ಫಟಿಕ ಗಡಿಯಾರ. ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪು! ಹಾಗಾಗಿ ಫೋನಿನ ಸಮಯವನ್ನೂ ಅಜ್ಞಾತ ಅಂತಲೇ ಇಟ್ಟುಕೊಂಡು, ನಾಲ್ಕು ಉಪಗ್ರಹಗಳಿಂದ ನಾಲ್ಕು ಸಮೀಕರಣ ಬಿಡಿಸ್ತೀವಿ. ಫೋನಿನ ತಪ್ಪು ನಾಲ್ಕಕ್ಕೂ ಒಂದೇ, ಅದಕ್ಕೇ ಸಿಕ್ಕಿಬೀಳುತ್ತೆ. ಉಪಗ್ರಹದ ಗಡಿಯಾರವೇ ಕೆಟ್ಟರೆ ಈ ಉಪಾಯ ನಡೆಯಲ್ಲ.

ಇಸ್ರೋಗೆ ಆಗಿದ್ದು ಅದೇ. ನಮ್ಮ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಹೋಗಿದ್ದು 2013ರ ಜುಲೈ 1ರಂದು. ಒಳಗೆ ಮೂರು ರುಬಿಡಿಯಂ ಪರಮಾಣು ಗಡಿಯಾರ, ಮೂರೂ ವಿದೇಶದಿಂದ ತಂದವು. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಮೂರು. ನಮ್ಮ ಸರ್ವರ್ ಭಾಷೆಯಲ್ಲಿ ಹೇಳೋದಾದ್ರೆ ರಿಡಂಡೆನ್ಸಿ. 2017ರ ಶುರುವಿನ ಹೊತ್ತಿಗೆ ಮೂರೂ ಕೈಕೊಟ್ಟಿದ್ದವು. ಒಂದೇ ಕಡೆಯ, ಒಂದೇ ವಿನ್ಯಾಸದ ಮೂರು ಪ್ರತಿ ಇಟ್ಟುಕೊಳ್ಳೋದು ನನ್ನ ಪ್ರಕಾರ ಅರ್ಧ ರಿಡಂಡೆನ್ಸಿ ಅಷ್ಟೇ. ಅದೇ ಜನವರಿಯಲ್ಲಿ ಯುರೋಪಿನ ಗೆಲಿಲಿಯೋ ಉಪಗ್ರಹಗಳಲ್ಲೂ ಗಡಿಯಾರಗಳು ನಿಂತ ಸುದ್ದಿ ಬಂತು. 1ಎ ಸತ್ತಿರಲಿಲ್ಲ, ಸಂದೇಶ ಕಳಿಸೋಕೆ ಆಗ್ತಿತ್ತು. ದೂರ ಅಳೆಯೋಕೆ ಮಾತ್ರ ಅದನ್ನ ನಂಬೋ ಹಾಗಿರಲಿಲ್ಲ.

ಬದಲಿಗೆ ಕಳಿಸಿದ 1ಎಚ್ 2017ರ ಆಗಸ್ಟ್ 31ರಂದು ರಾಕೆಟ್ಟಿನ ಶಾಖ ಕವಚ ಬಿಚ್ಚಿಕೊಳ್ಳದೆ ಒಳಗೇ ಉಳೀತು. 2018ರ ಏಪ್ರಿಲ್‌ನಲ್ಲಿ 1ಐ ಸರಿಯಾಗಿ ಕಕ್ಷೆ ಸೇರ್ತು. ನಮ್ಮದೇ ಗಡಿಯಾರ ಬೇಕು ಅನ್ನೋದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್‌ನವರು ಮಾಡಿದ ರುಬಿಡಿಯಂ ಗಡಿಯಾರ 2023ರ ಮೇ 29ರಂದು ಎನ್‌ವಿಎಸ್-01 ಒಳಗೆ ಮೇಲೇರಿತು.

ಈ ವ್ಯವಸ್ಥೆಯ ನೇವಿಗೇಷನ್ ಕೇಂದ್ರ ಇರೋದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ನಾವಿಕ್‌ನ ಸಮಯ ಕಾಯೋದು ಅಲ್ಲೇ. ಮುಂದಿನ ಎನ್‌ವಿಎಸ್-02 2025ರ ಜನವರಿಯಲ್ಲಿ ಹೋಯ್ತು. ಈ ಸಲ ಕೈಕೊಟ್ಟಿದ್ದು ಗಡಿಯಾರ ಅಲ್ಲ, ಕಕ್ಷೆ ಏರಿಸೋ ಎಂಜಿನ್ನಿನ ಒಂದು ವಾಲ್ವ್.