ದೂರು ಕೊಡುವ ಜಾಗ ಯಾವುದು?

ಕಾರ್ಕಳದ ಬೆಟ್ಟದ ಮೇಲೆ ನಿಂತ ಗೊಮ್ಮಟನನ್ನು ನೋಡಲು ಬಂದವರಿಗೆ ವೀರಪಾಂಡ್ಯ ಅರಸನ ಹೆಸರು ಹೇಳುತ್ತಾರೆ, 1432ರ ಇಸವಿ ಹೇಳುತ್ತಾರೆ, 42 ಅಡಿ ಎತ್ತರ ಹೇಳುತ್ತಾರೆ. ಕಲ್ಲು ಕಡೆದವನ ಗತಿ ಏನಾಯ್ತು ಅಂತ ತಿಳಿಯಬೇಕಾದರೆ ಪಾಡ್ದನ ಹಾಡುವವರ ಬಳಿಗೇ ಹೋಗಬೇಕು. ಇಂಥ ವಿಗ್ರಹವನ್ನು ಬೇರೆ ಕಡೆ ಇನ್ನೊಂದು ಮಾಡಬಾರದೆಂದು ಅರಸ ಕಲ್ಕುಡನ ಎಡಗೈ, ಬಲಗಾಲು ಕಡಿಸಿದ ಅನ್ನುತ್ತದೆ ತುಳುವರ ಕತೆ. ಕಲ್ಕುಡ ಯಾರಿಗೆ ದೂರು ಕೊಡಬೇಕಿತ್ತು? ನ್ಯಾಯ ಹೇಳಬೇಕಾದವನೇ ಕೈ ಕಡಿಸಿದವನು. ಆದ್ದರಿಂದ ಅವನೂ ಅವನ ತಂಗಿ ಕಲ್ಲುರ್ಟಿಯೂ ಮಾಯವಾಗಿ, ದೈವಗಳಾಗಿ ಬಂದು ಸೇಡು ತೀರಿಸಿಕೊಂಡರು. ಬದುಕಿದ್ದಾಗ ಸಿಗದ ನ್ಯಾಯ ಸತ್ತ ಮೇಲಾದರೂ ಸಿಗಲಿ ಅಂತ ನಮ್ಮ ಜನ ಕಟ್ಟಿಕೊಂಡ ಕತೆ ಇದು. ನಮ್ಮ ಕಣ್ಣಿಗೆ ಇದು ಬರೀ ಭಕ್ತಿಯ ಕತೆಯಲ್ಲ. ದೂರು ಕೊಡಲು ಜಾಗವೇ ಇಲ್ಲದ ದುಡಿಮೆಗಾರನ ಚರಿತ್ರೆ.

ಕೊರಗಜ್ಜನ ಕತೆಯನ್ನೂ ನೋಡಿ. ಕೊರಗರ ಹುಡುಗ ತನಿಯ ದೈವವಾದ. ಇವತ್ತು ಎಲ್ಲ ಜಾತಿಯವರೂ ಕಳೆದುಹೋದ ಚಿನ್ನಕ್ಕೆ, ಮೋಸ ಹೋದ ಹಣಕ್ಕೆ ಕೊರಗಜ್ಜನ ಹತ್ತಿರ ದೂರು ಒಯ್ಯುತ್ತಾರೆ. ಚಕ್ಕುಲಿ, ಬೀಡ, ಕಳ್ಳು ಇಟ್ಟು ಕೈ ಮುಗಿಯುತ್ತಾರೆ. ಊರಿಗೆ ಊರೇ ದೂರು ಕೊಡುವುದು ಒಬ್ಬ ಕೊರಗನಿಗೆ. ಬದುಕಿರುವ ಕೊರಗನ ದೂರು ಕೇಳುವವರು ಮಾತ್ರ ಯಾರೂ ಇಲ್ಲ! ಸತ್ತ ಕೊರಗ ದೇವರು, ಇದ್ದ ಕೊರಗ ಅಸ್ಪೃಶ್ಯ. ಇದು ನಮ್ಮ ಕರಾವಳಿಯ ಧರ್ಮ.

ಕೊರಗರಲ್ಲಿ ಒಂದು ಪಂಗಡದವರು ಕೊರಳಿಗೆ ಅಂಡೆ ಕಟ್ಟಿಕೊಂಡು ತಿರುಗಬೇಕಿತ್ತು, ಅವರ ಉಗುಳು ಕೂಡ ಹಾದಿಯ ಮೇಲೆ ಬೀಳಬಾರದಿತ್ತು ಅನ್ನುವುದು 1909ರಲ್ಲಿ ಬಂದ ಥರ್ಸ್ಟನ್‌ನ ಸಂಪುಟಗಳಲ್ಲಿ ದಾಖಲಾಗಿದೆ. ದಾಖಲೆ ಮಾಡಿದ್ದು ಸರ್ಕಾರದ ಮನುಷ್ಯ. ಆದರೆ ಆ ಅಂಡೆ ಒಂದು ಅಪರಾಧ ಅಂತ ಆ ಸರ್ಕಾರಕ್ಕೆ ಕಾಣಲಿಲ್ಲ. ವಿಚಿತ್ರ ಪದ್ಧತಿಯಾಗಿ ಕಂಡಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರಕ ಮಿಷನ್ ಕಟ್ಟಿ ಶಾಲೆ ತೆರೆದರು. ಅಕ್ಷರ ಬಂತು. ಆದರೆ ಅರ್ಜಿ ಬರೆಯಲು ಅಕ್ಷರ ಸಾಕು, ಅರ್ಜಿ ಹಿಡಿದು ಠಾಣೆಯ ಮೆಟ್ಟಿಲು ಹತ್ತಲು ಕಾಲ ಕೆಳಗೆ ನೆಲ ಬೇಕು.

ಆ ನೆಲದ ಮಾತೇ ಮುಖ್ಯ. ಕಾರಂತರ 'ಚೋಮನ ದುಡಿ'ಯ ಚೋಮ ಬೇಡುವುದಕ್ಕೆ ಹೋಗುವುದು ಒಡೆಯನ ಅಂಗಳಕ್ಕೆ. ಕಚೇರಿಗಲ್ಲ, ಕೋರ್ಟಿಗಲ್ಲ. ಅದು ಅವನ ಪೆದ್ದುತನವಲ್ಲ. ಅವನ ಕೂಳು, ಗುಡಿಸಲು, ಸಾಲ ಎಲ್ಲವೂ ಆ ಅಂಗಳದಲ್ಲೇ ಇತ್ತು. 1974ರ ಭೂಸುಧಾರಣೆ ಈ ಜಿಲ್ಲೆಯ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಗೇಣಿಚೀಟಿಯೇ ಇಲ್ಲದ ಮೂಲದಾಳು ಡಿಕ್ಲರೇಷನ್ ಕೊಡುವುದಾದರೂ ಹ್ಯಾಗೆ? ಅವನಿಗೆಂದೇ ಬ್ರಿಟಿಷರ ಕಾಲದಿಂದ ಇಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ದಲಿತರು ಈ ಎರಡೂ ಜಿಲ್ಲೆಗಳಲ್ಲಿ ದಶಕಗಳಿಂದ ಧರಣಿ ಕೂರುತ್ತಲೇ ಬಂದಿದ್ದಾರೆ. ಕೊರಗ ಕುಟುಂಬಕ್ಕೆ ತಲಾ ಎರಡೂವರೆ ಎಕರೆ ಕೊಡಿ ಅಂತ 1994ರ ಮುಹಮ್ಮದ್ ಪೀರ್ ವರದಿ ಹೇಳಿತು. ಒಡೆಯನ ಜಾಗದಲ್ಲಿ ಮಲಗುವವನು ಒಡೆಯನ ಮೇಲೆ ದೂರು ಬರೆಸಿ ರಾತ್ರಿ ಎಲ್ಲಿಗೆ ಹೋಗಬೇಕು? ಭೂಮಿ ಕೇಳುವುದೂ ದೂರು ಕೊಡುವುದೂ ನಮಗೆ ಒಂದೇ ಹೋರಾಟ.

ಕಾನೂನುಗಳೇನೋ ಬಂದವು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ. ಅದೇ 1976ರಲ್ಲಿ ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆಯಾಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ. ಇಷ್ಟಾದರೂ ಕೊರಗರ ಅಜಲು ನಡೆದೇ ಇತ್ತು. ಅಜಲು ಅಂದರೇನು? ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗನಿಗೆ ತಿನ್ನಿಸಿ ಮನೆಯವರ ಪೀಡೆಯನ್ನು ಅವನ ಹೊಟ್ಟೆಗೆ ದಾಟಿಸುವುದು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮುಂಚೆ ಅವನನ್ನು ಓಡಿಸುವುದು. ಕೂಲಿಯಿಲ್ಲದೆ ಡೋಲು ಬಡಿಸುವುದು. ಇದೆಲ್ಲ 'ಸಂಪ್ರದಾಯ', ಕೊರಗರದ್ದೇ 'ಹಕ್ಕು' ಅಂತ ಹೇಳಿದ ಬುದ್ಧಿವಂತರಿದ್ದರು. ಕೊರಗರು ತಾವೇ ಸಂಘ ಕಟ್ಟಿ ಬೀದಿಗಿಳಿದ ಮೇಲೆ, 2000ದಲ್ಲಿ, ಕರ್ನಾಟಕ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಮಾಡಿತು. ಅದೇ 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, ಸಾಕ್ಷಿಗಳು ತಿರುಗಿಬಿದ್ದಿದ್ದರು. ಭಯ ಇರುವ ಊರಲ್ಲಿ ಸಾಕ್ಷಿ ಎಲ್ಲಿಂದ ಹುಟ್ಟಬೇಕು?

ಈಗ ಕೋಟತಟ್ಟಿಗೆ ಬನ್ನಿ. 2021ರ ಡಿಸೆಂಬರ್ 27ರ ರಾತ್ರಿ. ಕೊರಗ ಕಾಲೊನಿಯ ಮನೆಯಲ್ಲಿ ಮದುವೆಯ ಮುಂಚಿನ ಮೆಹಂದಿ. ಹಾಡಿನ ಸದ್ದು ಜೋರಾಯಿತು ಅಂತ ಯಾರೋ ದೂರು ಹೇಳಿದರು. ಆ ದೂರಿಗೆ ಪೊಲೀಸರು ಕೂಡಲೇ ಬಂದರು, ನೋಡಿ! ಬಂದವರು ಲಾಠಿ ಬೀಸಿದರು, ಮದುಮಗನನ್ನೂ ಬಿಡಲಿಲ್ಲ. ಗದ್ದಲವಾದ ಮೇಲೆ ಠಾಣಾಧಿಕಾರಿಯ ಅಮಾನತಾಯಿತು, ಉಳಿದ ಕೆಲವರಿಗೆ ವರ್ಗ. ಅಷ್ಟರಲ್ಲೇ ಪೊಲೀಸರ ಕೆಲಸಕ್ಕೆ ಅಡ್ಡಿಪಡಿಸಿದರೆಂದು ಪೆಟ್ಟು ತಿಂದ ಕೊರಗರ ಮೇಲೆ ಪ್ರತಿದೂರು! ಗೃಹಮಂತ್ರಿಗಳೇ ಕಾಲೊನಿಗೆ ಬಂದರು, ತನಿಖೆ ಸಿ.ಐ.ಡಿ.ಗೆ ಹೋಯಿತು. ಕಲ್ಕುಡನ ಕತೆ ಮತ್ತೆ ನೆನಪಾಗುವುದಿಲ್ಲವೇ? ದೂರು ಕೇಳಬೇಕಾದವನೇ ಹೊಡೆದವನು.

2022ರ ಮಾರ್ಚಿನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗ ಇಲ್ಲ ಅಂದರು. ಅದಕ್ಕೆ ಧಾರ್ಮಿಕ ದತ್ತಿಯ 2002ರ ನಿಯಮವನ್ನೇ ತೋರಿಸಿದರು. ಇಲ್ಲಿ ದ್ವೇಷವೇ ನಿಯಮದ ಅಂಗಿ ತೊಟ್ಟು ಬಂತು. 2025ರ ಮಾರ್ಚ್ 18ರಂದು ಮಲ್ಪೆ ಬಂದರಿನಲ್ಲಿ, ಮೀನು ಕದ್ದಳು ಅಂತ ಹೊರಜಿಲ್ಲೆಯಿಂದ ದುಡಿಯಲು ಬಂದ ಪರಿಶಿಷ್ಟ ಜಾತಿಯ ಹೆಂಗಸೊಬ್ಬಳನ್ನು ಮರಕ್ಕೆ ಕಟ್ಟಿ ಹೊಡೆದರು. ಸುತ್ತ ನಿಂತವರು ನೋಡುತ್ತಿದ್ದರು. ವಿಡಿಯೋ ಊರೆಲ್ಲ ಹರಿದಾಡಿದ ಮೇಲೆ ಕೇಸಾಯಿತು, ಬಂಧನವಾಯಿತು. ಆಮೇಲೆ ಸಭೆ ಸೇರಿದ್ದು ಯಾರ ಪರ ಗೊತ್ತೇ? ಬಂಧಿತರ ಪರ.

ಹಾಗಾದರೆ ಕಾನೂನು ಸುಳ್ಳೇ? ಹಾಗೆಂದು ನಾವು ಹೇಳುವುದಿಲ್ಲ. ಅದು ಬಾಬಾಸಾಹೇಬರ ದಾರಿಯಲ್ಲಿ ರಕ್ತ ಸುರಿಸಿ ಪಡೆದದ್ದು. ಕೈಬಿಟ್ಟರೆ ಕಸಿದುಕೊಳ್ಳಲು ಕಾದವರಿದ್ದಾರೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ದೌರ್ಜನ್ಯ ಕಾಯಿದೆಯ ಹಲ್ಲು ಕಿತ್ತಾಗ ದೇಶದ ದಲಿತರು ಬೀದಿಗಿಳಿದರು, ಅದೇ ವರ್ಷ ಸಂಸತ್ತು ತಿದ್ದುಪಡಿ ತರಬೇಕಾಯಿತು. ಆ ಕಾಯಿದೆ ಏನು ಹೇಳುತ್ತದೆ ಅಂತ ನಮ್ಮ ಕೇರಿಗಳಲ್ಲಿ ಓದಿ ಹೇಳೋಣ. ಬಾಯಲ್ಲಿ ಹೇಳಿದ ದೂರನ್ನು ಠಾಣಾಧಿಕಾರಿ ಬರೆದುಕೊಳ್ಳಬೇಕು, ಓದಿ ಹೇಳಿಯೇ ರುಜು ಹಾಕಿಸಬೇಕು, ಎಫ್.ಐ.ಆರ್. ಪ್ರತಿ ಪುಕ್ಕಟೆ ಕೊಡಬೇಕು. ತೆಗೆದುಕೊಳ್ಳದಿದ್ದರೆ ಎಸ್.ಪಿ.ಗೆ ಅಂಚೆಯಲ್ಲಿ ಕಳಿಸಬಹುದು. ತನಿಖೆ ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದವರದ್ದೇ ಆಗಬೇಕು. ಕರ್ತವ್ಯ ಬೇಕೆಂದೇ ಕಡೆಗಣಿಸಿದ, ಪರಿಶಿಷ್ಟರಲ್ಲದ ಅಧಿಕಾರಿಗೆ 6 ತಿಂಗಳಿಂದ 1 ವರ್ಷದವರೆಗೆ ಜೈಲಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿ 3 ತಿಂಗಳಿಗೊಮ್ಮೆಯಾದರೂ ಸೇರಲೇಬೇಕು.

ಆ ಜಿಲ್ಲಾಧಿಕಾರಿಗಳ ಕಚೇರಿ ಇರುವುದು ಮಣಿಪಾಲದ ಗುಡ್ಡದ ಮೇಲೆ, ಕಾಲೇಜು ಆಸ್ಪತ್ರೆಗಳ ಊರಲ್ಲಿ. ಕಾರ್ಕಳದ ಕಾಡಂಚಿನ ಕೊರಗನಿಗೆ ಆ ಗುಡ್ಡ ಬಲು ಎತ್ತರ. ಒಂದು ದಿನದ ಕೂಲಿ ಬಿಡಬೇಕು, ಬಸ್ಸಿನ ದುಡ್ಡು ಬೇಕು, ಜವಾನ ಗದರಿದರೆ ನಿಲ್ಲುವ ಎದೆ ಬೇಕು. ಒಬ್ಬನೇ ಹೋದರೆ "ಎಂತದಾ? ಆಚೆ ನಿಲ್ಲು" ಅನ್ನುತ್ತಾರೆ. ಐವತ್ತು ಜನ ಹೋದರೆ "ಕೂತ್ಕೊಳ್ಳಿ" ಅನ್ನುತ್ತಾರೆ. ದಲಿತ ಚಳವಳಿ ಕಲಿಸಿದ ಪಾಠ ಇಷ್ಟೇ: ದೂರು ಕೊಡುವವನ ಬೆನ್ನ ಹಿಂದೆ ಊರು ನಿಲ್ಲದಿದ್ದರೆ ಚಳವಳಿ ನಿಲ್ಲಬೇಕು.

ಕಲ್ಕುಡ ನ್ಯಾಯಕ್ಕಾಗಿ ಮಾಯವಾಗಬೇಕಾಯಿತು. ನಮ್ಮವರು ಯಾರೂ ಸತ್ತು ದೈವವಾಗುವುದು ಬೇಡ. ಬದುಕಿದ್ದಾಗಲೇ, ಎರಡು ಕೈ ಎರಡು ಕಾಲು ಇದ್ದಾಗಲೇ, ಅರ್ಜಿ ಹಿಡಿದು ಒಟ್ಟಿಗೆ ಹೋಗೋಣ. ಸ್ವೀಕೃತಿ ಚೀಟಿ ಕೊಡುವವರೆಗೆ ಮೆಟ್ಟಿಲು ಇಳಿಯದಿರೋಣ.